ಮಷಿನ್ ಬೀಪ್ ಅನ್ನುವಷ್ಟರಲ್ಲಿ ಗಿರಾಕಿ ಹೋಗಿರುತ್ತಾನೆ

ಪ್ರಶ್ನೆ: ಅರಸೀಕೆರೆಯಲ್ಲಿ ನಮ್ಮದು ದಿನಸಿ ಅಂಗಡಿ. ದಿನಕ್ಕೆ ಐವತ್ತು ಅರವತ್ತು ಸಾವಿರ ವ್ಯಾಪಾರ. ಅರ್ಧ ಫೋನಿನಲ್ಲಿ ಬರುತ್ತೆ, ಅರ್ಧ ನಗದು. ಸಂತೆ ದಿನ ನಗದೇ ಜಾಸ್ತಿ. ಹೋದ ತಿಂಗಳು ಬ್ಯಾಂಕಿಗೆ ಕಟ್ಟಲು ಹೋದಾಗ ಒಂದು 500ರ ನೋಟನ್ನು ಖೋಟಾ ಅಂತ ಸೀಲು ಹೊಡೆದು ಅವರೇ ಇಟ್ಟುಕೊಂಡರು. ದುಡ್ಡೂ ಹೋಯ್ತು, ನೋಟೂ ಹೋಯ್ತು. 8,500 ರೂಪಾಯಿಗೆ ಕೌಂಟಿಂಗ್ ಮಷಿನ್ ಬರುತ್ತೆ, ಖೋಟಾ ಬಂದರೆ ಬೀಪ್ ಅನ್ನುತ್ತೆ, ತಗೊಳ್ಳೋಣ ಅಂತಾನೆ ಮಗ. ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಥದ್ದೇ ಇದೆ, ಅದು ಒಳ್ಳೆ ನೋಟಿಗೂ ಬೀಪ್ ಅನ್ನುತ್ತೆ. ನಾವು ತಗೊಳ್ಳಬೇಕಾ? ಬ್ಯಾಂಕಿನವರು ನೋಟು ವಾಪಸ್ ಕೊಡದೇ ಇದ್ದದ್ದು ಸರಿಯಾ?

ಉತ್ತರ: ಮಷಿನ್ ತಗೊಳ್ಳುವ ಮುಂಚೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಎಲ್ಲಿ ಇಡುತ್ತೀರಿ?

ನಾನು ನೋಡಿರುವ ಅಂಗಡಿಗಳಲ್ಲೆಲ್ಲ ಮಷಿನ್ ಒಳಗಿನ ಕೋಣೆಯಲ್ಲಿ, ದೇವರ ಫೋಟೋ ಕೆಳಗೆ, ಮೇಲೊಂದು ಟವೆಲ್ ಹೊದ್ದುಕೊಂಡು ಕೂತಿರುತ್ತದೆ. ರಾತ್ರಿ ಷಟರ್ ಅರ್ಧ ಎಳೆದ ಮೇಲೆ ಟವೆಲ್ ತೆಗೆಯುತ್ತಾರೆ. ದಿನದ ನೋಟೆಲ್ಲ ಒಟ್ಟಿಗೆ ಹಾಕುತ್ತಾರೆ. ಬರ್ರ್ ಅಂತ ಓಡುತ್ತದೆ. ನಡುವೆ ಎಲ್ಲೋ ಒಂದು ಬೀಪ್. ಸಿಕ್ಕಿಬಿತ್ತು ಅಂತ ಖುಷಿಪಡುವ ಹಾಗಿಲ್ಲ. ಬೆಳಗ್ಗೆ ಎಣ್ಣೆ ಪ್ಯಾಕೆಟ್ ಒಯ್ದವರು ಕೊಟ್ಟಿದ್ದೋ, ಮಧ್ಯಾಹ್ನ ಬೆಂಕಿಪೊಟ್ಟಣ ಕೇಳಿದವರು ಕೊಟ್ಟಿದ್ದೋ ಯಾರಿಗೆ ಗೊತ್ತು? ಮಷಿನ್ ಹೇಳಿದ್ದು ನಷ್ಟದ ಸುದ್ದಿ ಅಷ್ಟೇ. ಅದನ್ನು ಮಾರನೇ ದಿನ ಬ್ಯಾಂಕಿನವರು ಪುಕ್ಕಟೆಯಾಗಿ ಹೇಳುತ್ತಿದ್ದರು.

ಹಾಗಾಗಿ ಅಂಗಡಿಯವರ ಮಟ್ಟಿಗೆ ಖೋಟಾ ನೋಟು ಹಿಡಿಯುವ ಸಮಯ ಒಂದೇ. ನೋಟು ಗಿರಾಕಿಯ ಕೈಯಿಂದ ನಿಮ್ಮ ಕೈಗೆ ಬಂದು, ಚಿಲ್ಲರೆ ವಾಪಸ್ ಹೋಗುವ ಮುಂಚಿನ ನಾಲ್ಕೈದು ಸೆಕೆಂಡು. ಆ ಹೊತ್ತಿನಲ್ಲಿ ಕೈಗೆ ಸಿಗದ ಯಾವ ಸಾಧನವೂ, ಎಂಟು ಸಾವಿರದ್ದಾಗಲಿ ಎಂಬತ್ತು ಸಾವಿರದ್ದಾಗಲಿ, ನಿಮಗೆ ಉಪಯೋಗಕ್ಕೆ ಬರೋದಿಲ್ಲ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡೇ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕ್ಯಾಶ್ ಕೆಲಸ ಮಾಡಿದವನು ನಾನು. ಅದರಲ್ಲಿ ಹನ್ನೆರಡು ವರ್ಷ ಕರೆನ್ಸಿ ಚೆಸ್ಟ್‌ನಲ್ಲಿ. ಸುತ್ತಲಿನ ಶಾಖೆಗಳಿಗೆ ನೋಟು ಹೋಗುವುದು, ಶಾಖೆಗಳಿಂದ ಹಳೆಯದು ಬರುವುದು ಎಲ್ಲ ಈ ಚೆಸ್ಟ್ ಮೂಲಕವೇ. ನಿವೃತ್ತಿಯಾದ ಮಾರನೇ ವರ್ಷ ನನ್ನ ಹಳೆ ಸ್ಕೂಟರ್ ಮಾರಿದೆ. ಹದಿನಾರು ಸಾವಿರ, ಎಲ್ಲ 500ರ ನೋಟು. ರಾತ್ರಿ ಏಳೂವರೆ, ಕರೆಂಟ್ ಇರಲಿಲ್ಲ. ಬಂದವರು ಮೊಬೈಲ್ ಟಾರ್ಚ್ ಹಿಡಿದರು, ನಾನು ಎಣಿಸಿದೆ. ಸರಿಯಾಗಿ 32. ಮಾರನೇ ದಿನ ಬ್ಯಾಂಕಿಗೆ ಹೋದರೆ, ನಾನೇ ಕೆಲಸ ಕಲಿಸಿದ ಹುಡುಗಿ ಕೌಂಟರಿನಲ್ಲಿದ್ದಳು. ಎರಡು ನೋಟು ಪಕ್ಕಕ್ಕೆ ಇಟ್ಟು, ನನ್ನ ಮುಖ ನೋಡದೆ, "ಸರ್, ಫಾರಂ ತುಂಬಬೇಕು" ಅಂದಳು. ಮೂವತ್ತೊಂದು ವರ್ಷದ ಅನುಭವಕ್ಕೆ ಸಾವಿರ ರೂಪಾಯಿ ದಂಡ. ಎಣಿಸುವುದೇ ಬೇರೆ, ನೋಡುವುದೇ ಬೇರೆ. ಕತ್ತಲಲ್ಲಿ ನಾನು ಬರೀ ಎಣಿಸಿದ್ದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಅರವತ್ತು ಸಾವಿರದಲ್ಲಿ ಅರ್ಧ ನಗದು ಅಂದರೆ ಮೂವತ್ತು ಸಾವಿರ. ಎಲ್ಲವೂ 500ರ ನೋಟೇ ಅಂದುಕೊಂಡರೂ 60 ನೋಟು. ಮಾರುಕಟ್ಟೆಯ ಸಾಮಾನ್ಯ ಕೌಂಟಿಂಗ್ ಮಷಿನ್ ನಿಮಿಷಕ್ಕೆ ಸುಮಾರು ಸಾವಿರ ನೋಟು ಎಣಿಸುತ್ತದೆ. ನಿಮ್ಮ ಇಡೀ ದಿನದ 500ರ ನೋಟು ಅದಕ್ಕೆ ನಾಲ್ಕು ಸೆಕೆಂಡಿನ ಕೆಲಸ. ನಾಲ್ಕು ಸೆಕೆಂಡಿಗೆ ಎಂಟೂವರೆ ಸಾವಿರ ಯಾಕೆ? ಮಂಡಿಯವರಿಗೆ, ಪೆಟ್ರೋಲ್ ಬಂಕಿನವರಿಗೆ, ಸಗಟು ವ್ಯಾಪಾರದವರಿಗೆ ಮಷಿನ್ ಬೇಕು, ಎಣಿಸಿ ಎಣಿಸಿ ಬೆರಳು ಸವೆಯುತ್ತವೆ. ನಿಮಗೆ ಬೇಡ.

ಆದರೂ ಆ ಮಷಿನ್ ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಪಕ್ಕದ ಅಂಗಡಿಯ ಮಷಿನ್ ಯಾಕೆ ಸುಮ್‌ಸುಮ್ನೆ ಕೂಗುತ್ತೆ ಅನ್ನೋದು ಆಗ ಗೊತ್ತಾಗುತ್ತದೆ.

ಡಬ್ಬದ ಮೇಲೆ ಯುವಿ, ಎಂಜಿ, ಐಆರ್ ಅಂತ ಬರೆದಿರುತ್ತಾರೆ. ಯುವಿ ಅಂದರೆ ನೇರಳಾತೀತ ಬೆಳಕು. ನಾವು ಬರೆಯುವ ಹಾಳೆ, ಜೆರಾಕ್ಸ್ ಹಾಳೆಗೆಲ್ಲ ಬೆಳ್ಳಗೆ ಕಾಣಲೆಂದು ಒಂದು ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ. ಅದರ ಮೇಲೆ ಯುವಿ ಬೆಳಕು ಬಿದ್ದರೆ ಹಾಳೆ ನೀಲಿ ಬೆಳ್ಳಗೆ ಮಿಂಚುತ್ತದೆ. ನೋಟಿನ ಕಾಗದ ಹತ್ತಿಯದು. ಅದಕ್ಕೆ ಆ ರಾಸಾಯನಿಕ ಹಾಕುವುದಿಲ್ಲ. ಅದೇ ಬೆಳಕಿನಲ್ಲಿ ಅದು ಮಂಕಾಗಿಯೇ ಇರುತ್ತದೆ. ಆ ಮಂಕು ಕಾಗದದ ಮೇಲೆ ನಂಬರು ಹೊಳೆಯುತ್ತದೆ, ದಾರ ಹೊಳೆಯುತ್ತದೆ, ಅಲ್ಲಲ್ಲಿ ಚೆಲ್ಲಿದ ಸಣ್ಣ ಸಣ್ಣ ಬಣ್ಣದ ನಾರು ಕಾಣುತ್ತವೆ. ಮಾಮೂಲಿ ಬೆಳಕಲ್ಲಿ ಆ ನಾರು ಕಣ್ಣಿಗೆ ಬೀಳುವುದೇ ಇಲ್ಲ.

ಎಂಜಿ ಅಂದರೆ ಮ್ಯಾಗ್ನೆಟಿಕ್. ಸೂಕ್ಷ್ಮ ಅಯಸ್ಕಾಂತದ ಗುಣ ಇರಬೇಕಾದ ಜಾಗದಲ್ಲಿ ಇದೆಯಾ ಅಂತ ನೋಡುತ್ತದೆ. ಐಆರ್ ಅಂದರೆ ಅವಗೆಂಪು ಬೆಳಕು. ನಮ್ಮ ಕಣ್ಣಿಗೆ ಒಂದೇ ಬಣ್ಣ ಅನಿಸುವ ಎರಡು ಶಾಯಿ ಆ ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಒಂದು ಉಳಿಯುತ್ತದೆ, ಇನ್ನೊಂದು ಮಾಯವಾಗುತ್ತದೆ. ಜೊತೆಗೆ ನೋಟಿನ ಅಳತೆ, ದಪ್ಪ. ಇನ್ನೂ ದುಬಾರಿ ಮಷಿನ್ ಆದರೆ ನೋಟಿನ ಪೂರ್ತಿ ಚಿತ್ರ ತೆಗೆದು ತನ್ನೊಳಗಿನ ಮಾದರಿಯ ಜೊತೆ ಹೋಲಿಸುತ್ತದೆ. ನೂರು, ಇನ್ನೂರು, ಐನೂರು ಬೆರಕೆ ಹಾಕಿದರೂ ಒಟ್ಟು ಮೊತ್ತ ಹೇಳುವುದು ಈ ಜಾತಿಯವು.

ಇನ್ನು ಸುಳ್ಳು ಬೀಪ್. ನಮ್ಮ ಊರುಗಳಲ್ಲಿ ಇದಕ್ಕೆ ಮುಖ್ಯ ಕಾರಣ ಒಗೆಯುವ ಸೋಪಿನ ಪುಡಿ. ಬಟ್ಟೆ ಬೆಳ್ಳಗಾಗಲೆಂದು ಆ ಪುಡಿಯಲ್ಲೂ ಅದೇ ಹೊಳಪಿನ ರಾಸಾಯನಿಕ ಇರುತ್ತದೆ. ಪ್ಯಾಂಟಿನ ಜೇಬಿನಲ್ಲಿ ಉಳಿದು ವಾಷಿಂಗ್ ಮಷಿನ್ನಿನಲ್ಲಿ ಒಂದು ಸುತ್ತು ತಿರುಗಿ ಬಂದ ಅಸಲಿ ನೋಟು ಯುವಿ ಬೆಳಕಿನಲ್ಲಿ ಜೆರಾಕ್ಸ್ ಹಾಳೆಯ ಹಾಗೆ ಮಿಂಚುತ್ತದೆ. ಮಷಿನ್ ಬೇಚಾರಾ ಏನು ಮಾಡಬೇಕು? ಬೀಪ್ ಅನ್ನುತ್ತದೆ. ಅರಿಶಿನ ಮೆತ್ತಿದ ನೋಟು, ಎಣ್ಣೆ ಕುಡಿದ ನೋಟು, ಟೇಪ್ ಹಚ್ಚಿದ್ದು ಎಲ್ಲ ಇದೇ ತಕರಾರು. ಹಾರ್ಡ್‌ವೇರ್ ಅಂಗಡಿ ಅಂದಿರಲ್ಲ, ಅಲ್ಲಿ ಸಿಮೆಂಟ್ ಧೂಳು ಬೇರೆ. ಸೆನ್ಸರ್ ಗಾಜಿನ ಮೇಲೆ ಧೂಳು ಕೂತರೆ ಮಷಿನ್‌ಗೆ ಎಲ್ಲ ನೋಟೂ ಅನುಮಾನ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಮೆತ್ತನೆ ಬ್ರಷ್‌ನಲ್ಲಿ ಒರೆಸೋಕೆ ಹೇಳಿ, ಅರ್ಧ ಬೀಪ್ ನಿಲ್ಲುತ್ತದೆ.

ಇದರಲ್ಲಿ ನನಗೆ ಭಯ ಹುಟ್ಟಿಸುವುದು ಬೇರೆ. ಒಂದು ದಿನಕ್ಕೆ ಹತ್ತು ಸಲ ಸುಳ್ಳು ಬೀಪ್ ಕೇಳಿದ ಅಂಗಡಿಯವರು ಹನ್ನೊಂದನೆಯದಕ್ಕೆ ತಲೆಯನ್ನೇ ಎತ್ತುವುದಿಲ್ಲ. "ಇದರ ಹಣೆಬರಹ ಇಷ್ಟೇ" ಅಂತ ನೋಟು ತಿರುಗಿಸಿ ಮತ್ತೆ ಹಾಕುತ್ತಾರೆ. ಇಲ್ಲದಿದ್ದರೆ ಬಟನ್ ಒತ್ತಿ ಸೂಕ್ಷ್ಮತೆ ಕಡಿಮೆ ಮಾಡಿಬಿಡುತ್ತಾರೆ. ಆಮೇಲೆ ಮಷಿನ್ ಶಾಂತವಾಗುತ್ತದೆ. ಖೋಟಾ ನೋಟೂ ಶಾಂತವಾಗಿ ದಾಟಿ ಹೋಗುತ್ತದೆ.

ಮಾರುವವರು ಅಂಗಡಿಯಲ್ಲಿ ಒಂದು ಆಟ ತೋರಿಸುತ್ತಾರೆ, ನಿಮ್ಮ ಮಗನಿಗೂ ತೋರಿಸಿರಬೇಕು. ಒಳ್ಳೆ ನೋಟುಗಳ ನಡುವೆ ನೋಟಿನ ಅಳತೆಯ ಒಂದು ಬಿಳಿ ಹಾಳೆಯನ್ನೋ ಕಲರ್ ಪ್ರಿಂಟನ್ನೋ ಸೇರಿಸಿ ಓಡಿಸುತ್ತಾರೆ. ಬೀಪ್! ನೋಡಿದ್ರಾ ಸಾರ್ ಅಂತಾರೆ. ಅರೆ, ಆ ಹಾಳೆಯನ್ನು ನಮ್ಮ ಮನೆಯ ಮೂರನೇ ಕ್ಲಾಸಿನ ಹುಡುಗನೂ ಮುಟ್ಟಿ ಹೇಳುತ್ತಾನೆ. ಚಲಾವಣೆಗೆ ಬಿಡುವ ಖೋಟಾ ನೋಟನ್ನು ಅಂಥ ಹಾಳೆಯಲ್ಲಿ ಮಾಡಿರುವುದಿಲ್ಲ. ಹಾಗಂತ ನಿಜವಾದ ಖೋಟಾ ನೋಟು ಹಾಕಿ ತೋರಿಸಿ ಅನ್ನೋಕೂ ಆಗಲ್ಲ, ಅದನ್ನು ಇಟ್ಟುಕೊಳ್ಳುವುದೇ ತಂಟೆ. ಅಂದರೆ ನೂರಕ್ಕೆ ನೂರು ಹಿಡಿಯುತ್ತೆ ಅನ್ನುವ ಮಾತನ್ನು ಅಂಗಡಿಯಲ್ಲಿ ನಿಂತು ಪರೀಕ್ಷೆ ಮಾಡುವ ದಾರಿಯೇ ಇಲ್ಲ. ಬ್ಯಾಂಕುಗಳಲ್ಲಿ ನೋಟು ವಿಂಗಡಿಸುವ ಸಾರ್ಟಿಂಗ್ ಮಷಿನ್‌ಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿತು. ಚಿಲ್ಲರೆ ಅಂಗಡಿಯ ಮಷಿನ್ ಬಗ್ಗೆ ಹೀಗೆ ಕೇಳುವವರು ಯಾರೂ ಇಲ್ಲ.

ಮುಂದೆ ಯಾವತ್ತಾದರೂ ವ್ಯಾಪಾರ ಬೆಳೆದು ಮಷಿನ್ ತಗೊಂಡರೆ, ಪರೀಕ್ಷೆಗೆ ನಿಮ್ಮ ಗಲ್ಲಾದ ನೋಟೇ ಒಯ್ಯಿರಿ. ಒಗೆದದ್ದು ಒಂದು, ಕೊಳೆಯದು ನಾಲ್ಕು, ಹಳೆ ನೂರು, ಹೊಸ ನೂರು. ಹಳೆ ನೂರರ ನೋಟು 157 ಮಿಲಿಮೀಟರ್ ಉದ್ದ, ಲ್ಯಾವೆಂಡರ್ ಬಣ್ಣದ ಹೊಸದು 142. ಎರಡೂ ಚಲಾವಣೆಯಲ್ಲಿವೆ. ಎರಡನ್ನೂ ನುಂಗದ ಮಷಿನ್ ನಿಮಗೆ ಬೇಡ. ನೋಟಿನ ವಿನ್ಯಾಸ ಬದಲಾದರೆ ಸಾಫ್ಟ್‌ವೇರ್ ಯಾರು ಹಾಕಿಕೊಡುತ್ತಾರೆ, ಎಷ್ಟು ದುಡ್ಡು ಅಂತಲೂ ಕೇಳಿ. 2016ರ ನವೆಂಬರ್‌ನಲ್ಲಿ ಹೊಸ ನೋಟು ಬಂದಾಗ ದೇಶದ ಎಟಿಎಂಗಳನ್ನೆಲ್ಲ ಹೊಸ ಅಳತೆಗೆ ಹೊಂದಿಸಬೇಕಾಯಿತು, ನೆನಪಿದೆ ಅಲ್ವಾ?

ಹಾಗಾದರೆ ನೀವು ಏನು ತಗೊಳ್ಳಬೇಕು? ಒಂದು ಯುವಿ ಲೈಟ್, ಅಷ್ಟೇ. ಟೇಬಲ್ ಮೇಲೆ ಇಡುವ ಸಣ್ಣ ಪೆಟ್ಟಿಗೆ ಥರದ್ದು ಸಾವಿರ, ಸಾವಿರದ ಐನೂರರ ಒಳಗೆ ಸಿಗುತ್ತದೆ. ಅದರಲ್ಲಿ ಒಂದು ಸೂಕ್ಷ್ಮ ಇದೆ. ಅಗ್ಗದ ಟಾರ್ಚ್‌ಗಳಲ್ಲಿ ಬರುವುದು ಹೆಚ್ಚಾಗಿ 395 ನ್ಯಾನೊಮೀಟರ್ ಬೆಳಕು. ಅದು ನೋಟಿನ ಮೇಲೆಲ್ಲ ನೇರಳೆ ಬಣ್ಣ ಬಳಿದ ಹಾಗೆ ಕಾಣುತ್ತದೆ, ಸಣ್ಣ ನಾರು ಅದರಲ್ಲಿ ಮುಚ್ಚಿಹೋಗುತ್ತವೆ. 365 ನ್ಯಾನೊಮೀಟರ್ ಅಂತ ಬರೆದಿರುವುದನ್ನು ಕೇಳಿ ತಗೊಳ್ಳಿ. ನೂರಿನ್ನೂರು ಜಾಸ್ತಿ ಆಗಬಹುದು, ಕೊಡಿ.

ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ, ನಿಮ್ಮ ಬಲಗೈ ಸಲೀಸಾಗಿ ತಲುಪುವ ಕಡೆ ಇಡಿ. ತಲೆ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಯುವಿ ಬೆಳಕು ಸೋತುಹೋಗುತ್ತದೆ. ಬಿಸ್ಕತ್ತಿನ ಖಾಲಿ ರಟ್ಟಿನ ಡಬ್ಬ ನಿಮ್ಮಲ್ಲಿ ಬೇಕಾದಷ್ಟಿರುತ್ತವೆ. ಒಂದು ಡಬ್ಬದ ಒಂದು ಬದಿ ಕತ್ತರಿಸಿ ಲೈಟಿನ ಮೇಲೆ ಗೂಡಿನ ಹಾಗೆ ಕವುಚಿಡಿ. ಒಳಗೆ ಒಂದು ತುಂಡು ಜೆರಾಕ್ಸ್ ಹಾಳೆ ಅಂಟಿಸಿ. ಬಂದ ನೋಟನ್ನು ಆ ಹಾಳೆಯ ಪಕ್ಕ ಹಿಡಿಯಿರಿ. ಹಾಳೆ ಮಿಂಚಬೇಕು, ನೋಟು ಮಂಕಾಗಿರಬೇಕು. ಎರಡೂ ಒಂದೇ ಸಮ ಮಿಂಚಿದರೆ ಆ ನೋಟಿಗೆ ಕೈಯ ಪರೀಕ್ಷೆ ಮಾಡಿ. ಲೈಟಿನೊಳಕ್ಕೆ ನೇರವಾಗಿ ಕಣ್ಣಿಟ್ಟು ನೋಡಬೇಡಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ.

ಕೈಯ ಪರೀಕ್ಷೆ ಅಂದೆನಲ್ಲ, ಅದನ್ನು ಒಂದು 500ರ ನೋಟು ಎದುರಿಗಿಟ್ಟುಕೊಂಡು ಓದಿ.

ಗಾಂಧೀಜಿ ಮುಖ ನಿಮ್ಮ ಕಡೆ ಇರಲಿ. ಬಲ ಅಂಚಿನಲ್ಲೂ ಎಡ ಅಂಚಿನಲ್ಲೂ ಐದೈದು ಓರೆ ಗೆರೆ ಇವೆ. ಉಗುರಿನಿಂದ ಅಡ್ಡಕ್ಕೆ ಗೀರಿ. ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಸಣ್ಣಗೆ ತಡೆಯುತ್ತದೆ. ಅದು ಉಬ್ಬು ಅಚ್ಚು. ಕಣ್ಣು ಕಾಣದವರಿಗೆ ನೋಟು ಗುರುತು ಸಿಗಲೆಂದು ಮಾಡಿದ್ದು, ನಮಗೂ ಅದೇ ಕಾವಲು. ಗಾಂಧೀಜಿ ಚಿತ್ರ, ಅಶೋಕ ಸ್ತಂಭ ಇವೂ ಉಬ್ಬಾಗಿವೆ. 200ರಲ್ಲಿ ಗೆರೆ ನಾಲ್ಕು, ನಡುವೆ ಎರಡು ಸೊನ್ನೆ. ಹೊಸ 100ರಲ್ಲಿ ಬರೀ ನಾಲ್ಕು ಗೆರೆ. ತುಂಬ ಸವೆದ ನೋಟಿನಲ್ಲಿ ಉಬ್ಬು ಕಡಿಮೆಯಾಗಿರುತ್ತದೆ. ಆದರೆ ಗರಿಗರಿ ಹೊಸ ನೋಟಿನಲ್ಲಿ ಉಬ್ಬು ಸಿಗಲಿಲ್ಲ ಅಂದರೆ ಅಲ್ಲೇ ನಿಲ್ಲಿ.

ಆಮೇಲೆ ನೋಟನ್ನು ಓರೆ ಮಾಡಿ. ಗಾಂಧೀಜಿಯ ಬಲಕ್ಕೆ ಮಿಂಚುವ ದಾರ ಇದೆ, ಅದರ ಮೇಲೆ ಹಿಂದಿಯಲ್ಲಿ ಭಾರತ್ ಅಂತಲೂ ಇಂಗ್ಲಿಷಿನಲ್ಲಿ ಆರ್‌ಬಿಐ ಅಂತಲೂ ಬರೆದಿದೆ. ನೇರ ಹಿಡಿದರೆ ಹಸಿರು, ಓರೆ ಮಾಡಿದರೆ ನೀಲಿ. ಕೆಳಗೆ ಬಲಮೂಲೆಯ 500 ಅನ್ನುವ ಅಂಕಿಯೂ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಈ ಬಣ್ಣ ಬದಲಾಗುವ ಶಾಯಿಯನ್ನು ಮಾಮೂಲಿ ಪ್ರಿಂಟರ್‌ನಲ್ಲಿ ತರಲು ಆಗುವುದಿಲ್ಲ. ನಕಲಿಯಲ್ಲಿ ಹಸಿರು ಹಸಿರಾಗಿಯೇ ಉಳಿಯುತ್ತದೆ, ಇಲ್ಲವೇ ತವರದ ಹಾಗೆ ಬರೀ ಫಳಫಳ ಅನ್ನುತ್ತದೆ, ಬಣ್ಣ ತಿರುಗುವುದಿಲ್ಲ. ನನ್ನನ್ನು ಕೇಳಿದರೆ, ಒಂದೇ ಒಂದು ಗುರುತು ನೋಡಲು ಸಮಯ ಇದ್ದರೆ ಇದನ್ನೇ ನೋಡಿ. ಒಂದು ಸೆಕೆಂಡು ಸಾಕು. ಚಿಲ್ಲರೆಗೆ ಕೈ ಹಾಕುತ್ತಲೇ ಎಡಗೈಯಲ್ಲಿ ನೋಟನ್ನು ಒಮ್ಮೆ ಓಲಾಡಿಸಿದರೆ ಆಯಿತು. ಗಿರಾಕಿಗೆ ಗೊತ್ತೂ ಆಗುವುದಿಲ್ಲ, ಅನುಮಾನಪಟ್ಟರು ಅಂತ ಬೇಜಾರೂ ಆಗುವುದಿಲ್ಲ. ಸಣ್ಣ ಊರಿನಲ್ಲಿ ಅದೂ ಮುಖ್ಯ.

ಇನ್ನೂ ಅನುಮಾನ ಇದ್ದರೆ ಬೆಳಕಿಗೆ ಎತ್ತಿ ಹಿಡಿಯಿರಿ. ಬಲಗಡೆಯ ಖಾಲಿ ಜಾಗದಲ್ಲಿ ಗಾಂಧೀಜಿ ಮುಖ ನೆರಳಿನ ಹಾಗೆ ಮೂಡುತ್ತದೆ, ಜೊತೆಗೆ 500 ಅಂಕಿ. ಇದು ನೀರುಗುರುತು. ಕಾಗದ ತಯಾರಾಗುವಾಗಲೇ ಅದರೊಳಗೆ ಬಂದಿರುತ್ತದೆ, ಮೇಲೆ ಅಚ್ಚು ಹಾಕಿದ್ದಲ್ಲ. ಅಸಲಿಯಲ್ಲಿ ಆ ಮುಖಕ್ಕೆ ತೆಳು ನೆರಳು, ದಟ್ಟ ನೆರಳು ಎರಡೂ ಇರುತ್ತವೆ. ನಕಲಿಯಲ್ಲಿ ಎಣ್ಣೆ ಕಲೆಯ ಹಾಗೆ ಒಂದೇ ಸಮ, ಅಂಚು ಗಟ್ಟಿಯಾಗಿ. ಕೆಲವು ನಕಲಿಯಲ್ಲಿ ಬೆಳಕಿಗೆ ಹಿಡಿಯದೆಯೇ ಮುಖ ಕಾಣುತ್ತದೆ, ಅದು ಬರೀ ತೆಳು ಶಾಯಿ.

ಇನ್ನು ಅಕ್ಷರ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಒಂದು ಎಚ್ಚರಿಕೆ ಕೊಟ್ಟಿತ್ತು. ತುಂಬಾ ಚೆನ್ನಾಗಿ ಮಾಡಿದ 500ರ ಖೋಟಾ ನೋಟು ಓಡಾಡುತ್ತಿದೆ, ಅದರಲ್ಲಿ ಇಂಗ್ಲಿಷಿನ ರಿಸರ್ವ್ ಅನ್ನುವ ಪದದಲ್ಲಿ ಒಂದು ಇ ಬರಬೇಕಾದ ಕಡೆ ಎ ಬಿದ್ದಿದೆ ಅಂತ. ಕಾಗದ, ಬಣ್ಣ ಎಲ್ಲ ಹೊಂದಿಸಿ ಕಾಗುಣಿತದಲ್ಲಿ ಎಡವಿದ ಪುಣ್ಯಾತ್ಮರು! ಆದರೆ ಇಂಥ ತಪ್ಪನ್ನೇ ನಂಬಿ ಕೂರಬೇಡಿ. ನೋಟಿನ ಹಿಂದೆ ಹದಿನೈದು ಭಾಷೆಯ ಪಟ್ಟಿ ಇದೆ, ಕನ್ನಡ ಮೇಲಿನಿಂದ ನಾಲ್ಕನೆಯದು. ನಾನು ಸುಮ್ನೆ ಅಭ್ಯಾಸಕ್ಕೆ ಆ ಸಾಲನ್ನು ನೋಡುತ್ತೇನೆ. ಎಷ್ಟೇ ಸಣ್ಣದಾದರೂ ಅಸಲಿಯಲ್ಲಿ ಒತ್ತು, ಕೊಂಬು ಬಿಡಿಬಿಡಿಯಾಗಿ ಕಾಣುತ್ತವೆ. ಕಳಪೆ ನಕಲಿಯಲ್ಲಿ ಕಲಸಿಹೋಗಿರುತ್ತವೆ.

ಅಂದ ಹಾಗೆ, ನಿಮ್ಮ ಗಲ್ಲಾದ ನೋಟು ಮೈಸೂರಿನದೇ ಇದ್ದರೂ ಇರಬಹುದು. ದೇಶದಲ್ಲಿ ನೋಟು ಅಚ್ಚಾಗುವುದು ನಾಲ್ಕು ಕಡೆ: ನಾಸಿಕ್, ದೇವಾಸ್, ಬಂಗಾಳದ ಸಾಲ್ಬೋನಿ ಮತ್ತು ನಮ್ಮ ಮೈಸೂರು. ಮೈಸೂರಿನ ಮುದ್ರಣಾಲಯ ಶುರುವಾದದ್ದು 1996ರಲ್ಲಿ. ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಅಲ್ಲಿದೆ. ವರ್ಣಿಕಾ ಅನ್ನುವ ಶಾಯಿ ಘಟಕ 2022ರಲ್ಲಿ ಉದ್ಘಾಟನೆಯಾಯಿತು. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ. ಚೆಸ್ಟ್‌ನಲ್ಲಿದ್ದಾಗ ಹೊಸ ಕಟ್ಟು ಬಿಚ್ಚಿದರೆ ಒಂದು ವಾಸನೆ ಬರುತ್ತಿತ್ತು. ಅದರ ಮೇಲೆ ಈಗಲೂ ನನಗೆ ಒಂದು ಥರ ಪ್ರೀತಿ.

ಖೋಟಾ ನೋಟು ಹಿಡಿಯುವ ಪೆನ್ನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮಷಿನ್ ಮಾರುವವರು ಅದನ್ನೂ ಜೊತೆಗೆ ಮಾರುತ್ತಾರೆ. ಅದರಲ್ಲಿರುವುದು ಅಯೋಡಿನ್. ಸ್ಕೂಲಿನಲ್ಲಿ ಆಲೂಗಡ್ಡೆ ಮೇಲೆ ಅಯೋಡಿನ್ ಹಾಕಿದರೆ ಕಪ್ಪಾಗುತ್ತಿತ್ತಲ್ಲ, ಅದೇ ಪಾಠ. ಮಾಮೂಲಿ ಕಾಗದದಲ್ಲಿ ಗಂಜಿ ಇರುತ್ತದೆ, ಪೆನ್ನು ಗೀರಿದರೆ ಕಪ್ಪಾಗುತ್ತದೆ. ಗಂಜಿ ಇಲ್ಲದ ಕಾಗದದಲ್ಲಿ ಮಾಡಿದ ಖೋಟಾ ಆದರೆ ಪೆನ್ನು ಮೋಸ ಹೋಗುತ್ತದೆ. ಗಂಜಿ ಹಾಕಿದ ಬಟ್ಟೆಯ ಜೊತೆ ನೆನೆದ ಅಸಲಿ ನೋಟಿಗೆ ಗೀರಿದರೆ ಅಸಲಿಯೇ ಕಪ್ಪಾಗಬಹುದು. ಜೊತೆಗೆ ನೋಟಿನ ಮೇಲೆ ಗೀಚಬೇಡಿ ಅಂತ ರಿಸರ್ವ್ ಬ್ಯಾಂಕ್ ಹೇಳುತ್ತಲೇ ಇದೆ. ಬೇಡ ಬಿಡಿ.

ಮೊಬೈಲ್ ಆ್ಯಪ್ ಕೂಡ ಬೇಡ. ರಿಸರ್ವ್ ಬ್ಯಾಂಕಿನದೇ ಒಂದು ಆ್ಯಪ್ ಇದೆ, ಹೆಸರು ಮನಿ, 2020ರ ಜನವರಿ 1ರಂದು ಬಂತು. ಅದು ಇರುವುದು ಕಣ್ಣು ಕಾಣದವರಿಗೆ. ಕ್ಯಾಮೆರಾ ಎದುರು ನೋಟು ಹಿಡಿದರೆ ಇದು ಇನ್ನೂರು, ಇದು ಐನೂರು ಅಂತ ಹೇಳುತ್ತದೆ. ಅಸಲಿಯೋ ನಕಲಿಯೋ ಅಂತ ಹೇಳುವುದಿಲ್ಲ. ಮನಿ ಐನೂರು ಅಂದ ಮಾತ್ರಕ್ಕೆ ನೋಟು ಅಸಲಿ ಅಂದುಕೊಳ್ಳಬೇಡಿ.

ವಾಟ್ಸ್ಆ್ಯಪ್ ನಂಬಿ ಒಳ್ಳೆ ನೋಟು ವಾಪಸ್ ಮಾಡಿ ಗಿರಾಕಿ ಜೊತೆ ಜಗಳ ಆಡುವುದೂ ನಡೆದಿದೆ. ನಂಬರಿನ ನಡುವೆ ನಕ್ಷತ್ರ ಇರುವ ನೋಟು ಖೋಟಾ ಅಲ್ಲ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸುವ ಅಸಲಿ ನೋಟು ಅದು. 2023ರಲ್ಲಿ ರಿಸರ್ವ್ ಬ್ಯಾಂಕ್ ಮತ್ತೊಮ್ಮೆ ಇದನ್ನು ಹೇಳಬೇಕಾಯಿತು. ಹಸಿರು ದಾರ ಗಾಂಧೀಜಿಗೆ ಹತ್ತಿರ ಇದ್ದರೆ ಖೋಟಾ, ಸಹಿಗೆ ಹತ್ತಿರ ಇದ್ದರೆ ಅಸಲಿ ಅನ್ನುವ ವಿಡಿಯೋ ಕೂಡ ಸುಳ್ಳು. ಎರಡು ಥರವೂ ಒಳ್ಳೆಯವೇ.

ಈಗ ಬ್ಯಾಂಕಿನ ವಿಷಯ. ನಿಮಗೆ ಹೊಟ್ಟೆ ಉರಿದಿರುತ್ತದೆ, ನನಗೂ ಉರಿದಿತ್ತು. ಆದರೆ ಅವರು ಮಾಡಿದ್ದು ಸರಿ. ಖೋಟಾ ಅಂತ ಗೊತ್ತಾದ ನೋಟನ್ನು ವಾಪಸ್ ಕೊಡುವ ಹಾಗಿಲ್ಲ, ಹರಿದು ಹಾಕುವ ಹಾಗೂ ಇಲ್ಲ, ಅದರ ಹಣವನ್ನು ನಿಮ್ಮ ಖಾತೆಗೆ ಜಮಾ ಮಾಡುವ ಹಾಗೂ ಇಲ್ಲ. ಖೋಟಾ ನೋಟು ಅಂತ ಸೀಲು ಹೊಡೆದು ವಶಕ್ಕೆ ತಗೊಳ್ಳಲೇಬೇಕು. ತಗೊಳ್ಳದಿದ್ದರೆ ಬ್ಯಾಂಕಿಗೇ ದಂಡ. ನಿಮ್ಮ ಹಕ್ಕು ಅಂತ ಇರುವುದು ಒಂದು ರಸೀದಿ. ನೋಟಿನ ನಂಬರು, ಮೊತ್ತ ಬರೆದು ಕ್ಯಾಶಿಯರ್ ಸಹಿ ಮಾಡಿ ಕೊಡಬೇಕು. ನೀವು ಸಹಿ ಹಾಕಲ್ಲ ಅಂದರೂ ರಸೀದಿ ಕೊಡಲೇಬೇಕು. ನಿಮಗೆ ಕೊಟ್ಟಿಲ್ಲ ಅಂದರೆ ಹೋಗಿ ಕೇಳಿ, ಕೊಟ್ಟಿದ್ದರೆ ಫೈಲಿನಲ್ಲಿಡಿ.

ಒಂದೇ ನೋಟಿಗೆ ಪೊಲೀಸರು ಮನೆಗೆ ಬರುತ್ತಾರಾ ಅಂತ ಹೆದರಬೇಡಿ. ಒಂದು ಸಲ ಕಟ್ಟುವಾಗ ನಾಲ್ಕು ನೋಟಿನವರೆಗೆ ಸಿಕ್ಕರೆ ತಿಂಗಳ ಕೊನೆಗೆ ಎಲ್ಲ ಸೇರಿಸಿ ಪೊಲೀಸರಿಗೆ ಒಂದು ವರದಿ ಹೋಗುತ್ತದೆ. ಐದು ಅಥವಾ ಅದಕ್ಕಿಂತ ಜಾಸ್ತಿ ಆದರೆ ಆಗಲೇ ಠಾಣೆಗೆ ಹೋಗುತ್ತದೆ, ಎಫ್‌ಐಆರ್ ಆಗುತ್ತದೆ. ನಿಮ್ಮಂಥವರ ಕೈಗೆ ಬಂದು ಬೀಳುವುದು ಅಪರೂಪವೂ ಅಲ್ಲ. 2024-25ರಲ್ಲಿ ದೇಶದ ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ಖೋಟಾ ನೋಟು ಸುಮಾರು 2.17 ಲಕ್ಷ, ಅದರಲ್ಲಿ ಸುಮಾರು 1.18 ಲಕ್ಷ 500ರವೇ. ಹಿಂದಿನ ವರ್ಷಕ್ಕಿಂತ 500ರ ಖೋಟಾ ಮೂರನೇ ಒಂದು ಪಾಲಿಗೂ ಮಿಕ್ಕಿ ಏರಿತ್ತು. ಇದು ಬ್ಯಾಂಕಿನ ತನಕ ಬಂದವುಗಳ ಲೆಕ್ಕ ಮಾತ್ರ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ರಾತ್ರಿ ಎಣಿಸುವಾಗ ಅನುಮಾನದ ನೋಟು ಸಿಕ್ಕರೆ, ಬೆಳಗ್ಗೆ ಅದನ್ನು ಮೆಲ್ಲಗೆ ಇನ್ನೊಬ್ಬರಿಗೆ ಚಿಲ್ಲರೆಯಲ್ಲಿ ದಾಟಿಸುವ ಆಸೆ ಯಾರಿಗಾದರೂ ಬರುತ್ತದೆ. ನನಗೆ ಯಾರೋ ಕೊಟ್ಟರು, ನಾನೂ ಕೊಟ್ಟೆ ಅಂತ. ನಿಮಗೆ ಬಂದಾಗ ನೀವು ಮೋಸ ಹೋದವರು. ಗೊತ್ತಿದ್ದೂ ದಾಟಿಸಿದರೆ ನೀವೇ ಆರೋಪಿ. ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಮಿನಲ್ಲಿ ಇದಕ್ಕೆ ಹತ್ತು ವರ್ಷದವರೆಗೆ ಜೈಲು, ಜೀವಾವಧಿ ಕೂಡ ಆಗಬಹುದು. ಚಲಾಯಿಸುವ ಉದ್ದೇಶದಿಂದ ಇಟ್ಟುಕೊಂಡರೆ 180ನೇ ಕಲಮಿನಲ್ಲಿ ಏಳು ವರ್ಷದವರೆಗೆ. ಐನೂರು ರೂಪಾಯಿಗೆ ಇದೆಲ್ಲ ಯಾಕೆ? ನೋಟನ್ನು ಬೇರೆ ಕವರಿನಲ್ಲಿ ಹಾಕಿ, ಯಾವಾಗ ಬಂತು ಅಂತ ಬರೆದು, ಮಾರನೇ ದಿನವೇ ಬ್ಯಾಂಕಿಗೆ ಒಯ್ದು ನೀವಾಗಿಯೇ ತೋರಿಸಿ.

ಕೌಂಟರಿನಲ್ಲೇ ಅನುಮಾನ ಬಂದರೆ ಖೋಟಾ ಅನ್ನುವ ಪದ ಬಾಯಿಂದ ಬರಬಾರದು. ಎದುರಿಗಿರುವವರೂ ನಿಮ್ಮ ಹಾಗೇ ಮೋಸ ಹೋದವರು ಇರಬಹುದು, ಹೆಚ್ಚಿನ ಸಲ ಹಾಗೇ ಇರುತ್ತದೆ. "ಅಣ್ಣ, ಈ ನೋಟು ಬೇಡ, ಬೇರೆ ಕೊಡಿ, ಇಲ್ಲಾಂದ್ರೆ ಫೋನಿಂದ ಹಾಕಿಬಿಡಿ" ಅನ್ನಿ. ನೋಟು ಕಿತ್ತಿಟ್ಟುಕೊಳ್ಳುವುದು ನಿಮ್ಮ ಕೆಲಸ ಅಲ್ಲ. ಒಬ್ಬರೇ ಮತ್ತೆ ಮತ್ತೆ ಅಂಥ ನೋಟು ತಂದರೆ ಠಾಣೆಗೆ ತಿಳಿಸಿ. ಮುಸ್ಸಂಜೆ ರಷ್ ಇರುವಾಗ ಇಪ್ಪತ್ತು ರೂಪಾಯಿ ಸಾಮಾನಿಗೆ 500 ಕೊಟ್ಟು "ಬೇಗ ಬೇಗ" ಅನ್ನುವವರ ನೋಟನ್ನು ಎರಡು ಸಲ ಓಲಾಡಿಸಿ. ಅವರ ಅವಸರಕ್ಕೆ ನೀವು ಅವಸರಪಡಬೇಡಿ.

ಗಲ್ಲಾದಲ್ಲಿ ಮಗ ಕೂತರೂ, ಮನೆಯವರು ಕೂತರೂ, ಕೆಲಸದ ಹುಡುಗ ಕೂತರೂ ಈ ಅಭ್ಯಾಸ ಎಲ್ಲರಿಗೂ ಬರಬೇಕು. ಒಂದು ಭಾನುವಾರ ಎಲ್ಲರಿಗೂ ಒಂದೊಂದು ಅಸಲಿ 500 ಕೊಟ್ಟು ಹತ್ತು ಸಲ ಗೀರಿಸಿ, ಓಲಾಡಿಸಿ. ಅಸಲಿ ಬೆರಳಿಗೆ ಅಭ್ಯಾಸವಾದರೆ ಬೇರೆಯದು ಬಂದಾಗ ಬೆರಳೇ ತಡೆಯುತ್ತದೆ. ಚೆಸ್ಟ್‌ನಲ್ಲಿ ನಮಗೆ ಕಲಿಸಿದ್ದೂ ಹೀಗೆಯೇ.

ಲೈಟಿನ ಬಲ್ಬ್ ಹೋದರೆ ಅದು ಬೀಪ್ ಅನ್ನುವುದಿಲ್ಲ, ಸುಮ್ನೆ ಎಲ್ಲ ನೋಟನ್ನೂ ಮಂಕಾಗಿ ತೋರಿಸುತ್ತದೆ, ನೀವು ಎಲ್ಲ ಅಸಲಿ ಅಂದುಕೊಳ್ಳುತ್ತೀರಿ. ರಟ್ಟಿನ ಗೂಡಿನೊಳಗೆ ಜೆರಾಕ್ಸ್ ಹಾಳೆ ಅಂಟಿಸಿ ಅಂದದ್ದು ಇದಕ್ಕೂ ಸೇರಿಯೇ. ಬೆಳಗ್ಗೆ ದೀಪ ಹಚ್ಚಿ ಊದುಬತ್ತಿ ಬೆಳಗಿದ ಮೇಲೆ ಗೂಡಿನೊಳಗೆ ಒಮ್ಮೆ ಇಣುಕಿ ನೋಡಿ. ಹಾಳೆ ಮಿಂಚುತ್ತಿದ್ದರೆ ವ್ಯಾಪಾರ ಶುರುಮಾಡಿ.